ಪೋರ್ಟೋದಲ್ಲಿ ಒಂದು ದಿನ: ಹತ್ತುವ ಕೆಲಸ ಯಂತ್ರಕ್ಕೆ ಬಿಡಿ

ಪೋರ್ಚುಗಲ್‌ನ ಪೋರ್ಟೋ ಡೌರೊ ನದಿಯ ಕಡಿದಾದ ದಂಡೆಯ ಮೇಲಿದೆ. ಮೊದಲೇ ನದಿಗೆ ಇಳಿದವರು ಮಟಮಟ ಮಧ್ಯಾಹ್ನ ಗುಡ್ಡ ಹತ್ತಬೇಕಾಗುತ್ತದೆ. ಆದ್ದರಿಂದ ಮೇಲಿನಿಂದ ಶುರು ಮಾಡಿ.

ಮೆಟ್ರೊಗೆ ತಲೆಗೊಂದರಂತೆ ಆಂಡಾಂಟೆ ಕಾರ್ಡ್ ಬೇಕು. ನಮ್ಮ ಮೆಟ್ರೊದಲ್ಲಿರುವಂಥ ಗೇಟು ಅಲ್ಲಿಲ್ಲ. ಹತ್ತುವ ಮುನ್ನ ನಿಲ್ದಾಣದ ಯಂತ್ರಕ್ಕೆ ಕಾರ್ಡ್ ತಾಗಿಸಬೇಕು. ಮರೆತರೆ, ದುಡ್ಡು ತುಂಬಿದ್ದರೂ ದಂಡ ಬೀಳುತ್ತದೆ.

1. ಅಲಿಯಾಡೋಸ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬೆಳಿಗ್ಗೆಯೇ ಕ್ಲೆರಿಗೋಸ್ ಗೋಪುರಕ್ಕೆ ಹೋಗಿ. 1763ರಲ್ಲಿ ಮುಗಿದ ಇದರ ಎತ್ತರ 75 ಮೀಟರ್, ಮೆಟ್ಟಿಲು 200ಕ್ಕೂ ಹೆಚ್ಚು. ಸುರುಳಿ ಮೆಟ್ಟಿಲು ತೀರಾ ಇಕ್ಕಟ್ಟು. ತಡವಾದರೆ ಇಳಿಯುವವರಿಗೆ ದಾರಿ ಬಿಡುವುದರಲ್ಲೇ ಹೊತ್ತು ಹೋಗುತ್ತದೆ. ಪಕ್ಕದ ಲೆಲ್ಲೊ ಪುಸ್ತಕದಂಗಡಿಗೂ ಟಿಕೆಟ್ ಉಂಟು. ಪುಸ್ತಕ ಕೊಂಡರೆ ಆ ಹಣ ಬಿಲ್ಲಿನಲ್ಲಿ ಕಳೆಯುತ್ತಾರೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ.

2. ಇಳಿಜಾರಿನಲ್ಲಿ ಸಾವೊ ಬೆಂಟೊ ರೈಲು ನಿಲ್ದಾಣ. ಒಳಗೋಡೆಯ ಸುಮಾರು 20,000 ನೀಲಿ-ಬಿಳಿ ಟೈಲ್‌ಗಳ ಮೇಲೆ ಜಾರ್ಜ್ ಕೊಲಾಸೊ ಇತಿಹಾಸ ಬಿಡಿಸಿದ್ದಾರೆ. ಟಿಕೆಟ್ ಬೇಡ.

3. ಎದುರಿನ ಸಣ್ಣ ಏರು ಹತ್ತಿದರೆ ಕೆಥೆಡ್ರಲ್. ಅಲ್ಲಿಂದ ಮೆಟ್ಟಿಲು ಓಣಿಗಳಲ್ಲಿ ನದಿ ದಂಡೆಯ ಹಳೇ ಬಡಾವಣೆ ರಿಬೈರಾಕ್ಕೆ ಇಳಿಯಿರಿ. ಕಾಲು ಸವೆಸಿ ನುಣುಪಾದ ಗ್ರಾನೈಟ್ ಕಲ್ಲು ಮಳೆಯಲ್ಲಿ ಜಾರುತ್ತದೆ. ರಬ್ಬರ್ ಅಟ್ಟೆಯ ಶೂ ಇರಲಿ.

4. ಊಟಕ್ಕೆ ಕೂತಾಗ ಕೇಳದೆಯೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಅದು ಪುಕ್ಕಟೆಯಲ್ಲ, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ಊರಿನ ಹೆಸರುವಾಸಿ ಸ್ಯಾಂಡ್‌ವಿಚ್ ಫ್ರಾನ್ಸೆಸಿನ್ಯಾದಲ್ಲಿ ಪದರ ಪದರವಾಗಿ ಮಾಂಸ. ಸಸ್ಯಾಹಾರಿ ಬಗೆಯೂ ಸಿಗುತ್ತದೆ, ಆದರೆ ಮೇಲೆ ಸುರಿಯುವ ಸಾಸ್‌ನಲ್ಲಿ ಮಾಂಸದ ಸಾರು ಇದೆಯೇ ಎಂದು ಕೇಳಿಕೊಳ್ಳಿ.

5. ಲೂಯಿಸ್ ಸೇತುವೆಯ ಕೆಳ ಅಂತಸ್ತಿನಿಂದ ನದಿ ದಾಟಿ ಆಚೆ ದಂಡೆಯ ಗಾಯಾ ಊರಿನ ಪೋರ್ಟ್ ವೈನ್ ಉಗ್ರಾಣಗಳಿಗೆ ಬನ್ನಿ. ಇಂಗ್ಲಿಷ್ ವಿವರಣೆಯ ಸರದಿಯನ್ನು ಮೊದಲೇ ಕಾಯ್ದಿರಿಸಿ. ಹುಳಿಯುತ್ತಿರುವ ದ್ರಾಕ್ಷಿರಸಕ್ಕೆ ನಡುವೆಯೇ ದ್ರಾಕ್ಷಿ ಸಾರಾಯಿ ಬೆರೆಸುವುದರಿಂದ ಹುದುಗು ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ಪೋರ್ಟ್ ವೈನ್ ಸಿಹಿಯಾಗಿರುವುದು ಹೀಗೆ. ಮದ್ಯಾಂಶ ಸುಮಾರು ಶೇ 20. ಖಾಲಿ ಹೊಟ್ಟೆಯಲ್ಲಿ ರುಚಿ ನೋಡಬೇಡಿ.

6. ಈಗ ಗುಡ್ಡದ ಮೇಲಕ್ಕೆ ಕೇಬಲ್ ಕಾರ್. ಒಂದು ಬದಿಯ ಟಿಕೆಟ್ ಸಾಕು. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ನಂತರ, ಕೇಬಲ್ ಕಾರ್ ಅದಕ್ಕೂ ಮೊದಲೇ ನಿಲ್ಲುತ್ತದೆ. ಕೊನೆಯ ಹೊತ್ತು ವಿಚಾರಿಸಿಕೊಂಡು ಹತ್ತಿ. ಸೆರಾ ದೊ ಪಿಲಾರ್ ಮಠದ ಜಗಲಿಯಿಂದ ಸೇತುವೆ, ನದಿ, ಆಚೆ ದಂಡೆಯ ಕೆಂಪು ಹೆಂಚಿನ ಮನೆಗಳು ಒಟ್ಟಿಗೇ ಕಾಣುತ್ತವೆ.

ವಾಪಸಾಗಲು ಸೇತುವೆಯ ಮೇಲಂತಸ್ತು. ನಡೆಯುವವರೂ ಮೆಟ್ರೊ ರೈಲೂ ಅಲ್ಲೇ ಸಾಗುತ್ತವೆ, ಗಂಟೆ ಕೇಳಿದೊಡನೆ ಹಳಿಯಿಂದ ಸರಿಯಿರಿ. ಎತ್ತರಕ್ಕೆ ತಲೆ ಸುತ್ತುವವರು ಜಾರ್ದಿಂ ದೊ ಮೊರ್ರೊ ನಿಲ್ದಾಣದಲ್ಲೇ ಮೆಟ್ರೊ ಹತ್ತಲಿ. ಮುಂದಿನದೇ ಸಾವೊ ಬೆಂಟೊ.