ಬೇಸ್‌ಮೆಂಟಿನಲ್ಲಿ ಗಾಂಜಾ, ಮೆಂತ್ಯ, ಬಸಳೆ: ಮೊದಲು ದೀಪದ ಲೆಕ್ಕ

ಗಾಂಜಾ ಗಿಡದ ಜೊತೆಗೇ ಸೊಪ್ಪು ತರಕಾರಿ ಬೆಳೆಯಬಹುದಾ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು ಒಂದೇ. ದೀಪ ದಿನಕ್ಕೆ ಎಷ್ಟು ಗಂಟೆ ಉರಿಸುತ್ತೀರಿ? ಮಣ್ಣು, ಗೊಬ್ಬರ, ಕುಂಡ ಎಲ್ಲ ಆಮೇಲೆ. ಒಂದೇ ಕೋಣೆಯಲ್ಲಿ ಯಾವುದರ ಪಕ್ಕ ಯಾವುದು ಬಾಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಟೈಮರ್.

ನಾವಿರುವುದು ಕೆನಡಾದ ಒಂಟಾರಿಯೊದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಮನೆಗೆ ನಾಲ್ಕು ಗಿಡ ಬೆಳೆಯಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಬೀಜವನ್ನೂ ಪರವಾನಗಿ ಇರುವ ಅಂಗಡಿಯಿಂದಲೇ ತರಬೇಕು. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಮನೆಯಲ್ಲಿ ಬೆಳೆಯುವಂತಿಲ್ಲ. ಬಾಡಿಗೆ ಮನೆ, ಕಾಂಡೊ ಆದರೆ ಕರಾರು ಓದಿ ನೋಡಿ. ಊರಲ್ಲಿರುವವರು ಇದನ್ನು ಸುಮ್ನೆ ಓದಿಕೊಳ್ಳಿ ಅಷ್ಟೆ. ಭಾರತದ 1985ರ ಮಾದಕ ವಸ್ತು ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಅಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಲು ಬರುವ ಕೋಣೆ ಇಲ್ಲದೆ ಶುರು ಮಾಡಲೇಬೇಡಿ.

ನಮ್ಮ ಮನೆಯಲ್ಲಿ ಗಾಂಜಾ ನಮ್ಮ ಯಜಮಾನರದ್ದು, ಸೊಪ್ಪು ನನ್ನದು. ಬೇಸ್‌ಮೆಂಟಿನಲ್ಲಿ ನಾಲ್ಕಡಿ ಅಗಲ, ನಾಲ್ಕಡಿ ಉದ್ದದ ಕಪ್ಪು ಟೆಂಟ್ ಒಂದು. ಅದರ ಹೊರಗೆ ಗೋಡೆಗೆ ತಾಗಿ ಕಬ್ಬಿಣದ ರ್‍ಯಾಕ್ ಒಂದು. ಎರಡಕ್ಕೂ ಬೇರೆ ಬೇರೆ ಎಲ್‌ಇಡಿ ದೀಪ, ಬೇರೆ ಬೇರೆ ಟೈಮರ್.

ಗಾಂಜಾ ಗಿಡ ಎಲೆ ಬಿಟ್ಟು ಬೆಳೆಯುವಾಗ ದಿನಕ್ಕೆ 18 ಗಂಟೆ ಬೆಳಕು ಕೊಡುತ್ತಾರೆ. ಹೂ ಬಿಡಬೇಕಾದರೆ 12 ಗಂಟೆ ಬೆಳಕು, 12 ಗಂಟೆ ಪೂರಾ ಕತ್ತಲು. ಆ ಕತ್ತಲಲ್ಲಿ ಟೆಂಟಿನ ಜಿಪ್ ತೆಗೆದು ಇಣುಕುವ ಹಾಗಿಲ್ಲ. ಪದೇ ಪದೇ ಬೆಳಕು ಬಿದ್ದರೆ ಹೆಣ್ಣು ಗಿಡದಲ್ಲೇ ಗಂಡು ಹೂ ಬಂದು ಬೀಜ ಕಟ್ಟಿಬಿಡಬಹುದು. ಹಾಗಾಗಿ ರ್‍ಯಾಕಿನ ದೀಪ ಉರಿಯುವಾಗ ಟೆಂಟಿನೊಳಗೆ ಕೂತು ಜಿಪ್ ಹಾಕಿಸಿಕೊಂಡು ನೋಡಿ. ಹೊಲಿಗೆಯ ಸಂದಿಯಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಕಪ್ಪು ಟೇಪ್ ಅಂಟಿಸಿ.

ಈಗ ಸೊಪ್ಪಿಗೆ ಬರೋಣ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಹಗಲು ಉದ್ದವಾದಷ್ಟೂ ಬೇಗ ಹೂವಿಗೆ ತಿರುಗುತ್ತವೆ. 18 ಗಂಟೆ ದೀಪದ ಕೆಳಗೆ ಕೊತ್ತಂಬರಿ ಇಟ್ಟರೆ ಎಲೆ ಎಳೆಎಳೆಯಾಗಿ ಸೀಳಿಕೊಂಡು ನಡುವಿನಿಂದ ದಂಟು ಮೇಲೇಳುತ್ತದೆ. ಚಟ್ನಿಗೂ ಆಗುವುದಿಲ್ಲ. ಇವಕ್ಕೆ 12 ಗಂಟೆಯೇ ಹಿತ. ಬಸಳೆ, ದಂಟಿನ ಸೊಪ್ಪು ಇದಕ್ಕೆ ತದ್ವಿರುದ್ಧ. ಹಗಲು ಚಿಕ್ಕದಾದರೆ ಅವು ಹೂವಿನ ಕಡೆ ಹೋಗುತ್ತವೆ. ಬಸಳೆಯ ಚಿಗುರು ನಿಂತು, ಗಂಟಿನಲ್ಲಿ ಸಣ್ಣ ಮೊಗ್ಗು ಬಂತು ಅಂದರೆ ಬೆಳಕಿನ ಗಂಟೆ ಸಾಲದಾಗಿದೆ ಅಂತಲೇ ಲೆಕ್ಕ. ಹಾಗಾಗಿ 18 ಗಂಟೆ ಬೆಳಕಿನ ಕಡೆ ಬಸಳೆ, ದಂಟು. 12 ಗಂಟೆಯ ಕಡೆ ಮೆಂತ್ಯ, ಕೊತ್ತಂಬರಿ. ಮೆಣಸಿನಕಾಯಿಗೆ, ಟೊಮ್ಯಾಟೊಗೆ ಈ ಹಠ ಇಲ್ಲ. ಆದರೆ ಟೊಮ್ಯಾಟೊಗೆ 24 ಗಂಟೆ ದೀಪ ಹಾಕಬೇಡಿ. ಎಲೆ ಹಳದಿಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಹೊಂದಾಣಿಕೆ ಮೆಂತ್ಯದ್ದು. ಟೆಂಟಿನ ಟೈಮರನ್ನು 12 ಗಂಟೆಗೆ ತಿರುಗಿಸುವ ಹಿಂದಿನ ರಾತ್ರಿ ಮೆಂತ್ಯ ನೆನೆಹಾಕಿ. ಮಾರನೇ ದಿನ ನಾಲ್ಕೈದು ಇಂಚು ಆಳದ ಟ್ರೇಗಳಲ್ಲಿ ಒತ್ತೊತ್ತಾಗಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಟ್ರೇಗಳನ್ನು ಟೆಂಟಿನ ಮೂಲೆಗಳಲ್ಲಿ ಇಡಿ. ದೀಪದ ನಟ್ಟನಡುವಿನ ಜೋರು ಬೆಳಕು ಬೇಕಾದದ್ದು ಗಾಂಜಾಗೆ. ಮೆಂತ್ಯಕ್ಕೆ ಮೂಲೆಯ ಮಂದ ಬೆಳಕು ಸಾಕು. ಮೂರು ನಾಲ್ಕು ವಾರಕ್ಕೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಗಾಂಜಾ ಹೂ ದಪ್ಪವಾಗತೊಡಗುವುದೂ ಸುಮಾರು ಆ ಹೊತ್ತಿಗೇ. ಆಗ ಟ್ರೇಗಳನ್ನೆಲ್ಲ ಟೆಂಟಿನಿಂದ ಆಚೆ ತೆಗೆಯಲೇಬೇಕು. ಒದ್ದೆ ಮಣ್ಣಿನ ಟ್ರೇ ಗಾಳಿಯ ತೇವ ಹೆಚ್ಚಿಸುತ್ತದೆ. ಹೂವಿನ ಟೆಂಟಿನಲ್ಲಿ ತೇವಾಂಶ ಶೇ. 40ರಿಂದ 50ರೊಳಗೆ ಇರಬೇಕು. ಜಾಸ್ತಿಯಾದರೆ ದಪ್ಪ ಹೂವಿನ ಒಳಗಿನಿಂದಲೇ ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಒಂದು ಸಣ್ಣ ಎಲೆ ಕಾರಣವಿಲ್ಲದೆ ಒಣಗಿ, ಎಳೆದರೆ ಹಾಗೇ ಕೈಗೆ ಬರುತ್ತದೆ. ಅಲ್ಲಿ ಬಿಡಿಸಿ ನೋಡಿದರೆ ಬೂದು ಬಣ್ಣದ ನಾರು. ಆ ಹೂವನ್ನು ಕತ್ತರಿಸಿ ಎಸೆಯಬೇಕು. ಅದನ್ನು ಬಳಸುವುದು ಬೇಡ.

ಕೊತ್ತಂಬರಿ ಮೆಂತ್ಯಕ್ಕಿಂತ ನಿಧಾನ. ಹಾಗಾಗಿ ಅದನ್ನು ರ್‍ಯಾಕಿನ ಕೆಳಗಿನ ಅಂತಸ್ತಿನಲ್ಲಿ ಅದರದೇ 12 ಗಂಟೆ ಟೈಮರ್ ಹಾಕಿ ಬೆಳೆಸಿ. ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ತಣ್ಣಗಿನ ಬೇಸ್‌ಮೆಂಟ್ ನೆಲ ಅದಕ್ಕೆ ಒಗ್ಗುತ್ತದೆ. ಮೆಣಸಿನಕಾಯಿ ಬೀಜಕ್ಕೆ ಮಾತ್ರ ಅಡಿಯಲ್ಲಿ ಬಿಸಿ ಮ್ಯಾಟ್ ಬೇಕು. 25ರಿಂದ 28 ಡಿಗ್ರಿ ಸಿಕ್ಕರೆ ಬೇಗ ಮೊಳೆಯುತ್ತದೆ. ಒಳಗೆ ಗಾಳಿಯೂ ಇಲ್ಲ, ಜೇನುಹುಳುವೂ ಇಲ್ಲ. ಮೆಣಸಿನ ಹೂ ಬಿಟ್ಟಾಗ ಗಿಡವನ್ನು ದಿನಾ ಒಮ್ಮೆ ಅಲ್ಲಾಡಿಸಿ. ಸ್ಟ್ರಾಬೆರಿ ಬೇಕಿದ್ದರೆ ಹಗಲಿನ ಉದ್ದ ಲೆಕ್ಕಿಸದ ತಳಿ ತನ್ನಿ. ಅದರ ಹೂವಿನ ಮೇಲೆ ಮೆತ್ತನೆ ಬ್ರಷ್ ಸುತ್ತಲೂ ಆಡಿಸಿ. ಅರೆಬರೆ ಆಡಿಸಿದರೆ ಹಣ್ಣು ಸೊಟ್ಟಗಾಗುತ್ತದೆ.

ಎರಡು ಟೈಮರ್ ತಾಪತ್ರಯ ಬೇಡ ಅನ್ನುವವರಿಗೆ ಆಟೋಫ್ಲವರ್ ತಳಿಯ ಗಾಂಜಾ ಬೀಜ ಸಿಗುತ್ತದೆ. ಅದು ಕತ್ತಲಿಗೆ ಕಾಯದೆ ವಯಸ್ಸಿಗೆ ತಕ್ಕಂತೆ ತಾನೇ ಹೂ ಬಿಡುತ್ತದೆ. ಕೊನೆವರೆಗೂ 18 ಗಂಟೆ ದೀಪ ಹಾಕಿ, ಬಸಳೆ, ಮೆಣಸು, ತುಳಸಿ ಎಲ್ಲವನ್ನೂ ಅದೇ ಕೋಣೆಯಲ್ಲಿ ಇಡಬಹುದು.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ. ಇಲ್ಲಿನ ಸಾಮಾನ್ಯ 15 ಆಂಪ್ ಸರ್ಕ್ಯೂಟಿನಲ್ಲಿ ಗಂಟೆಗಟ್ಟಲೆ ಎಳೆಯಬಹುದಾದ್ದು 1,440 ವಾಟ್. ದೀಪ, ಫ್ಯಾನ್, ಹೀಟರ್ ಎಲ್ಲ ಕೂಡಿಸಿ ನೋಡಿ. ವೈರ್ ಪ್ಲಗ್ಗಿನ ಕೆಳಗೆ ಇಳಿದು ಮತ್ತೆ ಮೇಲೇರುವಂತಿರಲಿ. ಆಗ ಅದರ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಕೊನೆಗೆ ನುಸಿ. ಚಳಿಗಾಲದ ಹೀಟರ್ ಗಾಳಿ ಒಣ ಒಣ. ಜೇಡ ನುಸಿಗೆ ಅದೇ ಹಬ್ಬ. ಹುರುಳಿಕಾಯಿ, ಸೌತೆ, ಸ್ಟ್ರಾಬೆರಿಯಿಂದ ಗಾಂಜಾಗೆ ದಾಟುವುದು ಅದಕ್ಕೆ ಏನೂ ಕಷ್ಟವಲ್ಲ. ನರ್ಸರಿಯಿಂದ ತಂದ ಯಾವ ಗಿಡವನ್ನಾದರೂ ಎರಡು ವಾರ ಬೇರೆ ಕೋಣೆಯಲ್ಲಿಡಿ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕಿ ಕಂಡರೆ ಮಗುಚಿ ಭೂತಗನ್ನಡಿಯಲ್ಲಿ ನೋಡಿ. ನರದ ಪಕ್ಕದಲ್ಲಿ ಬೆನ್ನ ಮೇಲೆ ಎರಡು ಕಪ್ಪು ಮಚ್ಚೆಯ ಹುಳ ಮೆಲ್ಲಗೆ ಹರಿದಾಡುತ್ತಿರುತ್ತದೆ. ಊರಿನವರಿಗೆ ತಕ್ಷಣ ಬೇವಿನ ಎಣ್ಣೆ ನೆನಪಾಗುತ್ತದೆ, ಅಲ್ವಾ? ಹೂ ಬಿಟ್ಟ ಗಾಂಜಾಗೆ ಅದನ್ನು ಹೊಡೆಯಲೇಬಾರದು. ಬೇರೆ ಯಾವ ಎಣ್ಣೆ, ಔಷಧಿಯನ್ನೂ ಅಷ್ಟೆ. ಅದು ಹೂವಿನಲ್ಲೇ ಉಳಿದು ಸೇದುವವರ ಎದೆಗೆ ಹೋಗುತ್ತದೆ. ನುಸಿಯನ್ನು ತಿನ್ನುವ ಪರ್ಸಿಮಿಲಿಸ್ ಅನ್ನುವ ಇನ್ನೊಂದು ನುಸಿ ಇಲ್ಲಿ ಕೊಳ್ಳಲು ಸಿಗುತ್ತದೆ. ಅದನ್ನು ತರಿಸಿ ಎರಡೂ ಕಡೆ ಬಿಡಿ. ರ್‍ಯಾಕಿಗೂ, ಟೆಂಟಿಗೂ, ಒಂದೇ ದಿನ.