ಡೈನಮೋ ಬಿಚ್ಚದೆ ಜಿಪ್ಸಿಯ ಲೈಟು ಮಿಣುಕುವುದನ್ನು ನಿಲ್ಲಿಸಿದ್ದು

ಈ ಮಾರುತಿ ಜಿಪ್ಸಿ ನನ್ನ ಅಂಗಡಿಗೆ ಬರುವ ಹೊತ್ತಿಗೆ ಅದರ ಮಾಲೀಕರಾದ ಗೌಡರು ಅದರ ಲೈಟಿಗೆ ಅಂತಲೇ 12 ಸಾವಿರದ ಹತ್ತಿರ ಕಳೆದಿದ್ದರು. ಹೊಸ ಬ್ಯಾಟರಿಗೆ ನಾಲ್ಕೂವರೆ ಸಾವಿರ. ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನಾವು ಹೀಗನ್ನುವುದು) ಬಿಚ್ಚಿ ಕಾರ್ಬನ್ ಬ್ರಷ್, ಕಟೌಟ್ (ಚಾರ್ಜಿಂಗ್ ವೋಲ್ಟ್ ಹಿಡಿತದಲ್ಲಿಡುವ ಭಾಗ) ಹಾಕಿಸಿದ್ದಕ್ಕೆ ಎರಡು ಸಾವಿರದ ಮೇಲೆ. ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ಚಿಗೆ 1,800 ಏನೋ. ಆಮೇಲೆ 100/90 (ಬ್ರೈಟಿಗೆ 100, ಡಿಪ್ಪಿಗೆ 90 ವ್ಯಾಟ್) ಬಲ್ಬು, ಅದೂ ಸರಿಹೋಗದೆ ಎಲ್‌ಇಡಿ. ಇಷ್ಟೆಲ್ಲಾ ಆದ ಮೇಲೂ ರಸ್ತೆಯಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಎರಡೂ ಹೆಡ್‌ಲೈಟು ಒಟ್ಟಿಗೆ ಮಿಣುಕುತ್ತಿದ್ದವು.

ಮೂಡಿಗೆರೆ ಕಡೆಯ ಕಾಫಿ ತೋಟದ ಗಾಡಿ ಅದು. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಮಂಜು ಕವಿದಾಗ, ತಿರುವಿನ ನಡುವೆ ಲೈಟು ಒಂದು ಕ್ಷಣ ಹೋದರೂ ಏನಾಗುತ್ತದೆ ಅಂತ ಆ ರಸ್ತೆಯಲ್ಲಿ ಓಡಿಸಿದವರಿಗೆ ಗೊತ್ತು. ಹಾಗಾಗಿ ನಾನು ಇದನ್ನು ಸಣ್ಣ ಕಂಪ್ಲೇಂಟು ಅಂತ ಯಾವತ್ತೂ ನೋಡುವುದಿಲ್ಲ.

ನಾನು ಮೊದಲು ಮಲ್ಟಿಮೀಟರ್ ಇಟ್ಟು ಅಳೆಯುತ್ತೇನೆ, ಅಲ್ಲಿಯವರೆಗೆ ಒಂದು ಪಾರ್ಟನ್ನೂ ಬದಲಾಯಿಸುವುದಿಲ್ಲ ಅಂದಾಗ ಯಾರೂ ನಂಬಲಿಲ್ಲ. ನಮ್ಮೂರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು, 'ಅದರ ವೈರಿಂಗ್ ಸತ್ತಿದೆ ಕಣಯ್ಯಾ. ಪೂರ್ತಿ ಕಿತ್ತು ಹೊಸದು ಹಾಕು. ಮೀಟರ್ ಹಿಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ?' ಅಂದರು. ಪೂರ್ತಿ ವೈರಿಂಗ್ ಅಂದರೆ ಕೂಲಿ ಸೇರಿ 15 ಸಾವಿರ ದಾಟುತ್ತಿತ್ತು. ಗೌಡರಿಗೂ ಅನುಮಾನ ಇತ್ತು. 'ಗೌಡ್ರೇ, ಒಂದು ವಾರ ಗಾಡಿ ಬಿಡಿ, ಸರಿಯಾಗದಿದ್ದರೆ ಕೂಲಿ ಬೇಡ' ಅಂದೆ. ಒಪ್ಪಿದರು.

ಗಾಡಿಯ ಲಕ್ಷಣದಲ್ಲೇ ಅರ್ಧ ಉತ್ತರ ಇತ್ತು. ಒಂದೇ ಕಡೆಯ ಲೈಟು ಮಿಣುಕಿದರೆ ಬಲ್ಬಿನ ಹೋಲ್ಡರ್ ನೋಡುತ್ತೇವೆ. ಮೀಟರ್ ಲೈಟು, ರೂಫ್ ಲೈಟು, ಹೆಡ್‌ಲೈಟು ಎಲ್ಲ ಒಟ್ಟಿಗೆ ಆಡಿದರೆ ಚಾರ್ಜಿಂಗ್ ಕಡೆ ಹೋಗುತ್ತೇವೆ. ಇಲ್ಲಿ ಎರಡೂ ಹೆಡ್‌ಲೈಟು ಜೋರಾಗಿ ಮಿಣುಕುತ್ತಿದ್ದವು. ಡ್ಯಾಶ್‌ಬೋರ್ಡಿನ ಲೈಟು ಮಾತ್ರ ಹೆಚ್ಚುಕಮ್ಮಿ ನಿಂತ ಹಾಗೇ ಇತ್ತು. ಡೈನಮೋ ಕೆಟ್ಟಿದ್ದರೆ ಹೀಗಾಗುವುದಿಲ್ಲ. ಆ ಎರಡು ಸಾವಿರ ಅಲ್ಲೇ ಉಳಿಯುತ್ತಿತ್ತು.

ಇನ್ನೊಂದು ವಿಷಯ. ಮೀಟರನ್ನು ಬೀಪ್‌ಗೆ ಇಟ್ಟು ಅರ್ಥಿಂಗ್ (ಕರೆಂಟು ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ನೋಡುವ ಅಭ್ಯಾಸ ದಯವಿಟ್ಟು ಬಿಡಿ. ಬೀಪ್ ಬರಿಸಲು ಮೀಟರ್ ಕಳಿಸುವುದು ಒಂದೋ ಎರಡೋ ಮಿಲಿ ಆಂಪಿಯರ್. ವೈರಿನ ಎಳೆಗಳೆಲ್ಲ ಕಿಲುಬು ಹಿಡಿದು ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಎರಡು 55 ವ್ಯಾಟ್ ಬಲ್ಬು ಸೇರಿ ಒಂಬತ್ತು ಹತ್ತು ಆಂಪಿಯರ್ ಎಳೆಯುವಾಗ ಆ ಒಂದು ಎಳೆ ಏನು ತಡೆದೀತು? ಈ ಗಾಡಿಯನ್ನು ನೋಡಿದವರೆಲ್ಲ ಬೀಪ್ ಕೇಳಿ 'ಅರ್ಥಿಂಗ್ ಚೆನ್ನಾಗಿದೆ' ಅಂತ ಬರೆದುಕೊಟ್ಟಿದ್ದರು. ಲೈಟು ಉರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ಲೋಡ್ ಇಲ್ಲದೆ ಅಳೆದದ್ದು ಲೆಕ್ಕಕ್ಕಿಲ್ಲ.

ನನ್ನ ಹತ್ತಿರ ಹತ್ತು ಹನ್ನೆರಡು ಅಡಿಯ ಒಂದು ವೈರ್ ಇದೆ, ಎರಡೂ ತುದಿಗೆ ಕ್ಲಿಪ್. ಒಂದು ತುದಿ ಬ್ಯಾಟರಿ ಮೈನಸ್ಸಿನ ಕಂಬಕ್ಕೆ. ಲಗ್ಗಿಗಲ್ಲ (ವೈರಿನ ತುದಿಯ ಲೋಹದ ಕೊಂಡಿ), ಕಂಬಕ್ಕೇ. ಇನ್ನೊಂದು ತುದಿ ಕ್ಯಾಬಿನ್ ಒಳಗೆ, ಮೀಟರಿನ ಕಪ್ಪು ಪ್ರೋಬಿಗೆ. ಕೆಂಪು ಪ್ರೋಬು ಒಂದೊಂದೇ ಜಾಯಿಂಟಿಗೆ ಹೋಗುತ್ತದೆ. ಮೀಟರ್ ಮ್ಯಾಕ್ಸ್ ಹೋಲ್ಡ್ (ಅತಿ ಹೆಚ್ಚಿನ ಅಳತೆಯನ್ನು ಹಿಡಿದಿಟ್ಟು ತೋರಿಸುವುದು) ಇರುವಂಥದ್ದಾಗಬೇಕು. ಡ್ರೈವರ್ ಹುಡುಗನಿಗೆ ಗಾಡಿ ಕೊಟ್ಟು, ನಾನು ಪಕ್ಕದಲ್ಲಿ ಕೂತು, ಊರಾಚೆಯ ಹಾಳು ರಸ್ತೆಗೆ ಹೊರಟೆ. ಶೆಡ್ಡಿನಲ್ಲಿ ನಿಂತ ಗಾಡಿ ಈ ಥರದ ಕಂಪ್ಲೇಂಟನ್ನು ತೋರಿಸುವುದೇ ಇಲ್ಲ. 'ಅಣ್ಣಾ, ಗುಂಡಿ ತಪ್ಪಿಸ್ಲಾ?' ಅಂತ ಕೇಳಿದ. 'ಗುಂಡಿಗೇ ಇಳಿಸು' ಅಂದೆ.

ಅಳತೆ ಹೇಳುವ ಮೊದಲು ಜಿಪ್ಸಿಯ ಒಂದು ಗುಟ್ಟು ಹೇಳಬೇಕು. ತುಂಬಾ ಜನ ಎಡವುವುದು ಇಲ್ಲೇ. ಹಳೆಯ ಎಷ್ಟೋ ಮಾರುತಿಗಳಲ್ಲಿ ಹೆಡ್‌ಲೈಟಿಗೆ ಸ್ವಿಚ್ ಇರುವುದು ಮೈನಸ್ ಕಡೆ. ಹೋಲ್ಡರಿನ ಕಾಮನ್ ಪಿನ್ನಿಗೆ ಬರುವುದು ಪ್ಲಸ್. ಡಿಪ್ಪು, ಬ್ರೈಟು ಎರಡೂ ವೈರ್ ಸ್ಟೀರಿಂಗ್ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಒಂದು ಕಪ್ಪು ವೈರಿನಲ್ಲಿ ಗಾಡಿಯ ಬಾಡಿಗೆ (ಲೋಹದ ಮೈಗೆ) ಇಳಿಯುತ್ತವೆ. ಇದು ಗೊತ್ತಿಲ್ಲದೆ ಹಿಂದೆ ಯಾರೋ 'ಲೈಟಿಗೆ ಅರ್ಥಿಂಗ್ ಕಮ್ಮಿ' ಅಂತ ಕಾಮನ್ ಪಿನ್ನಿಗೇ ಬಾಡಿ ಅರ್ಥಿಂಗ್ ಎಳೆದಿದ್ದರು. ಫ್ಯೂಸ್ ಚಟ್ ಅಂತ ಹೋಯಿತಂತೆ. ಇನ್ನೊಬ್ಬರು ಡಿಪ್ಪಿನ ಪಿನ್ನಿಗೆ ಎಳೆದರು. ಸ್ವಿಚ್ ಆರಿಸಿದರೂ ಡಿಪ್ಪು ಆರಲಿಲ್ಲ. ಇಬ್ಬರೂ ಹಾಕಿದ್ದನ್ನು ಕಿತ್ತು ಕಳಿಸಿದ್ದರು. ನಿಮ್ಮ ಗಾಡಿ ಯಾವ ಥರ ಅಂತ ಟೆಸ್ಟ್ ಲ್ಯಾಂಪ್ ಹಾಕಿ ಮೊದಲೇ ನೋಡಿಕೊಳ್ಳಿ. ಬಲ್ಬು ಬಿಚ್ಚಿ, ಕಾಮನ್ ಪಿನ್ನಿಗೂ ಬಾಡಿಗೂ ಇಟ್ಟಾಗ ಲ್ಯಾಂಪ್ ಉರಿದರೆ ಮೈನಸ್ ಸ್ವಿಚ್ಚಿನ ಗಾಡಿ.

ಅಂದರೆ ಎರಡೂ ಲೈಟಿನ ಪೂರ್ತಿ ಕರೆಂಟು ಆ ಒಂದು ಕಪ್ಪು ವೈರಿನ ಸ್ಕ್ರೂ ಮೂಲಕವೇ ವಾಪಸ್ ಹೋಗಬೇಕು. ಈ ಗಾಡಿಯಲ್ಲಿ ಎರಡೂ ಲೈಟು ಒಟ್ಟಿಗೆ ಆಡುತ್ತಿದ್ದದ್ದಕ್ಕೆ ನನಗೆ ಮೊದಲ ಅನುಮಾನ ಬಂದದ್ದೂ ಅದರ ಮೇಲೇ.

ಈಗ ಅಳತೆ. ಇಂಜಿನ್ ಓಡುತ್ತಾ, ಡಿಪ್ಪು ಉರಿಯುತ್ತಾ ಬ್ಯಾಟರಿಯಲ್ಲಿ 13.9 ವೋಲ್ಟ್. ಹೋಲ್ಡರಿನ ಹಿಂದೆ, ಎರಡು ಪಿನ್ನಿನ ನಡುವೆ ಹನ್ನೊಂದೂವರೆ. ದಾರಿಯಲ್ಲಿ ಎಲ್ಲೋ ಎರಡೂವರೆ ವೋಲ್ಟಿನಷ್ಟು ಹೋಗುತ್ತಿತ್ತು. ಪ್ಲಸ್ ಕಡೆ 0.8. ಅದು ಹಳೆಯ ಸಣ್ಣ ವೈರು, ಫ್ಯೂಸ್ ಬಾಕ್ಸು ಎಲ್ಲ ಸೇರಿ. ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ 0.4. ಹೊಸ ಸ್ವಿಚ್ಚಿನ ಒಳಗೆ 0.1 ಅಷ್ಟೇ, ಅದು ಚೆನ್ನಾಗಿಯೇ ಇತ್ತು. ಬಾಡಿಗೂ ಸ್ವಿಚ್ಚಿನ ಕಪ್ಪು ವೈರಿಗೂ ನಡುವೆ ಮಾತ್ರ ಒಂದು ವೋಲ್ಟಿನ ಮೇಲೆ. ಗುಂಡಿಗೆ ಇಳಿದಾಗ ಮ್ಯಾಕ್ಸ್ ಹೋಲ್ಡಿನಲ್ಲಿ ಅದೇ ಜಾಗ ಮೂರು ಮೂರೂವರೆಗೆ ಏರಿತ್ತು. ಮಿಕ್ಕ ಯಾವ ಜಾಗವೂ ಅಷ್ಟು ಜಿಗಿಯಲಿಲ್ಲ. ಕಳ್ಳ ಸಿಕ್ಕಿದ.

ಹ್ಯಾಲೊಜೆನ್ ಬಲ್ಬಿಗೆ 13.9ರ ಬದಲು 11.5 ಸಿಕ್ಕರೆ ಬೆಳಕು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ವೋಲ್ಟ್ ಸ್ವಲ್ಪ ಇಳಿದರೂ ಬೆಳಕು ಜಾಸ್ತಿ ಇಳಿಯುತ್ತದೆ. ಗೌಡರು 100/90 ಹಾಕಿಸಿದ್ದು ಇದಕ್ಕೇ. ಅದರಿಂದ ಕರೆಂಟು ಜಾಸ್ತಿ, ಅದೇ ಜಾಯಿಂಟಿನಲ್ಲಿ ಡ್ರಾಪೂ (ದಾರಿಯಲ್ಲಿ ಕಳೆಯುವ ವೋಲ್ಟ್) ಜಾಸ್ತಿ, ಕೊನೆಗೆ ಒಂದು ಹೋಲ್ಡರ್ ಕರಗಿ ಕಪ್ಪಾಗಿತ್ತು. ಅಷ್ಟು ವ್ಯಾಟಿನ ಬಲ್ಬು ರಸ್ತೆ ನಿಯಮಕ್ಕೂ ಹೊರಗಿನದು. ನನ್ನ ಅಂಗಡಿಯಲ್ಲಿ ನಾನು ಅದನ್ನು ಇಡುವುದೇ ಇಲ್ಲ.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಹಿಂದೆ ಟಿಂಕರಿಂಗ್ ಮಾಡಿಸಿದಾಗ ಒಳಗಿನ ಬ್ರಾಕೆಟ್ಟಿಗೂ ಬಣ್ಣ ಹೊಡೆದಿದ್ದಾರೆ. ಆ ಬಣ್ಣದ ಮೇಲೇ ಲಗ್ಗು ಇಟ್ಟು ಬಿಗಿದಿದ್ದಾರೆ. ಕರೆಂಟು ಹೋಗುತ್ತಿದ್ದದ್ದು ಸ್ಕ್ರೂವಿನ ಹಲ್ಲಿನಲ್ಲಿ ಮಾತ್ರ. ಮೇಲಿನ ಟಾಪಿನಿಂದ ನೀರು ಸೋರಿ ಆ ಹಲ್ಲಿಗೂ ತುಕ್ಕು. ಲಗ್ಗಿನ ಕತ್ತಿನಲ್ಲಿ ಹಸಿರು ಕಿಲುಬು.

ಸ್ಕ್ರೂ ಬಿಚ್ಚುವ ಮೊದಲು ಸಾಬೀತು ಮಾಡಿಕೊಂಡೆ. ಇದು ನನ್ನ ಕಟ್ಟುನಿಟ್ಟು. ಸ್ವಿಚ್ಚಿನ ಕಪ್ಪು ವೈರಿನಿಂದ ನೇರ ಬ್ಯಾಟರಿ ಮೈನಸ್ಸಿಗೆ ದಪ್ಪ ವೈರ್ ಎಳೆದು ಅದೇ ಹಾಳು ರಸ್ತೆಗೆ ಹೋದೆವು. ಲೈಟು ಒಂದು ಸಲವೂ ಮಿಣುಕಲಿಲ್ಲ. ಡ್ರೈವರ್ ಹುಡುಗ ಗಾಡಿ ನಿಲ್ಲಿಸಿ, ಇಳಿದು, ಮುಂದೆ ಹೋಗಿ ನಿಂತು ನೋಡಿದ. ಆ ವೈರ್ ಕಿತ್ತ ಕೂಡಲೇ ಮತ್ತೆ ಶುರು.

ಆಮೇಲಿನ ಕೆಲಸ ಸುಲಭ. ಬ್ರಾಕೆಟ್ಟಿನ ಬಣ್ಣ ಕೆರೆದು ಬೆಳ್ಳಗೆ ಮಾಡಿದೆ. ವೈರನ್ನು ಹಿಂದಕ್ಕೆ ಕತ್ತರಿಸುತ್ತಾ ಹೋಗಿ, ಒಳಗೆ ಕೆಂಪು ತಾಮ್ರ ಕಂಡಲ್ಲಿ ಹೊಸ ಲಗ್ಗು ಹಾಕಿದೆ. ಹಲ್ಲಿನ ವಾಷರ್, ಮೇಲೆ ಪೇಸ್ಟು. ಬ್ಯಾಟರಿಯಿಂದ ಬಾಡಿಗೆ ಬರುವ ಪಟ್ಟಿಯ ಎರಡೂ ತುದಿ ಉಜ್ಜಿದೆ. 0.4 ಇದ್ದದ್ದು 0.05ರ ಹತ್ತಿರ ಬಂತು. ಪೇಸ್ಟಿನ ವಿಷಯ ತುಂಬಾ ಜನ ಕೇಳುತ್ತಾರೆ. ಬರೀ ಪೆಟ್ರೋಲಿಯಂ ಜೆಲ್ಲಿ ಅಲ್ಲ, ಅದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ನನ್ನ ಜಾಯಿಂಟು ಉಳಿಯುವುದು ಅದರಿಂದ, ನನ್ನ ಅನ್ನವೂ ಅದರಿಂದ.

ಮಿಣುಕು ಇಷ್ಟಕ್ಕೇ ನಿಂತಿತ್ತು. ಪ್ಲಸ್ ಕಡೆಯ 0.8 ಹಾಗೇ ಇತ್ತಲ್ಲ, ಅದಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಹಾಕೋಣ ಅಂತ ಗೌಡರೇ ಅಂದರು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ರಿಲೇ ಕಿಟ್ಟನ್ನು ಈ ಗಾಡಿಗೆ ಸುಮ್ನೆ ಸಿಕ್ಕಿಸಿದರೆ ಕೆಲಸ ಮಾಡದೇ ಇರಬಹುದು. ಎಷ್ಟೋ ಕಿಟ್ಟಿನಲ್ಲಿ ರಿಲೇಯ 85ನೇ ಪಿನ್ (85, 86 ಅಂದರೆ ಒಳಗಿನ ಕಾಯಿಲಿನ ಎರಡು ತುದಿ; 30, 87 ಅಂದರೆ ಲೈಟಿನ ಕರೆಂಟು ಹಾಯುವ ಪಿನ್ನುಗಳು) ಬಾಡಿಗೆ ಹೋಗಿರುತ್ತದೆ. ನಮ್ಮ ಸ್ವಿಚ್ಚೂ ಮೈನಸ್ಸನ್ನೇ ಕೊಡುತ್ತದೆ. ಎರಡೂ ಕಡೆ ಮೈನಸ್ ಆದರೆ ಕಾಯಿಲ್ ಎಳೆಯುವುದಾದರೂ ಹೇಗೆ? 85ನ್ನು ಬಾಡಿಯಿಂದ ಬಿಡಿಸಿ, ಹಳೆಯ ಹೋಲ್ಡರಿನ ಕಾಮನ್ ವೈರಿಗೆ ಸೇರಿಸಬೇಕು. 86ಕ್ಕೆ ಡಿಪ್ಪು ಅಥವಾ ಬ್ರೈಟಿನ ವೈರ್. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಆದರೆ ಉಲ್ಟಾ ಕೊಡಬಾರದು, ಡಯೋಡ್ ಇಲ್ಲದ್ದನ್ನೇ ಕೇಳಿ ತನ್ನಿ. 30ಕ್ಕೆ ಬ್ಯಾಟರಿ ಪ್ಲಸ್ಸಿನಿಂದ ನೇರ, 2.5 ಚದರ ಮಿ.ಮೀ. ವೈರ್, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್. 87ರಿಂದ ಲೈಟಿಗೆ. ಹೊಸ ಹೋಲ್ಡರಿನ ಕಾಮನ್ ಪಿನ್ ಈಗ ಧಾರಾಳವಾಗಿ ಬಾಡಿಗೆ ಹೋಗಬಹುದು. ಕೊನೆಗೆ ಬಲ್ಬಿನಲ್ಲಿ ಹದಿಮೂರೂವರೆ ವೋಲ್ಟ್ ಸಿಕ್ಕಿತು. ಮಾಮೂಲಿ 60/55 ಬಲ್ಬೇ. ಗೌಡರು ರಾತ್ರಿ ಘಾಟಿ ಇಳಿದು ಬಂದು, 'ಇದು ನನ್ನ ಗಾಡೀನೇನಯ್ಯಾ?' ಅಂದರು.

ಖರ್ಚು: ಲಗ್ಗು, ವೈರು, ಎರಡು ರಿಲೇ, ಹೋಲ್ಡರು ಎಲ್ಲ ಸೇರಿ ಸಾವಿರದ ಆಸುಪಾಸು. ಕೂಲಿ 1,500 ತಗೊಂಡೆ. ವೈರಿಂಗ್ ಪೂರ್ತಿ ಬದಲಾಯಿಸು ಅಂದಿದ್ದ ಹಿರಿಯರು ಬಂದು ಬಾನೆಟ್ ಎತ್ತಿಸಿ ನೋಡಿ ಹೋದರು. ಈಗ ಅವರ ಅಂಗಡಿಯಲ್ಲೂ ಮ್ಯಾಕ್ಸ್ ಹೋಲ್ಡ್ ಮೀಟರ್ ಇದೆ.

ಗೌಡರು ತೆಗೆದಿಟ್ಟ ಎಲ್‌ಇಡಿಗಳನ್ನು ನಾನೇ ಇಟ್ಟುಕೊಂಡು ಆಟ ಆಡಿದೆ. ಕರೆಂಟು ಕಮ್ಮಿ, ಡ್ರಾಪ್ ಕಮ್ಮಿ, ಆದರೂ ಹಳೆಯ ಜಾಯಿಂಟಿನಲ್ಲಿ ಅವು ಹ್ಯಾಲೊಜೆನ್‌ಗಿಂತ ಕೆಟ್ಟದಾಗಿ ಮಿಣುಕಿದ್ದವು. ಯಾಕೆ ಅಂತ ಬೆಂಚಿನ ಮೇಲೆ ನೋಡಿದೆ. ವೈರನ್ನು ಬೆರಳಿನಲ್ಲಿ ಮುಟ್ಟಿಸಿ ಬಿಡಿಸಿ ಮಾಡಿದಾಗ ಹ್ಯಾಲೊಜೆನ್ ತಂತಿ ಕಾದಿರುವುದರಿಂದ ಬೆಳಕು ಮೆಲ್ಲಗೆ ಇಳಿಯುತ್ತದೆ. ಎಲ್‌ಇಡಿಯ ಡ್ರೈವರ್ (ಅದರೊಳಗಿನ ಕರೆಂಟು ನಿಯಂತ್ರಿಸುವ ಸರ್ಕ್ಯೂಟು) ಫಟ್ ಅಂತ ಆರಿ ಮತ್ತೆ ಶುರುವಾಗುತ್ತದೆ. ಹಾಗಾಗಿ ಎಲ್‌ಇಡಿ ಹಾಕಿದ ಮೇಲೆ ಲೈಟು ಮಿಣುಕುತ್ತಿದೆ ಅಂತ ಯಾರಾದರೂ ಬಂದರೆ ನಾನು ಬಲ್ಬನ್ನು ಬೈಯುವ ಮೊದಲು ಜಾಯಿಂಟು ನೋಡುತ್ತೇನೆ.

ಇದೇ ಅಳತೆಯಿಂದ ಬೇರೆ ಕಂಪ್ಲೇಂಟುಗಳೂ ಬಗೆಹರಿದಿವೆ. ಒಂದು ಓಮ್ನಿಯಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು. ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ಬದಲಾಯಿಸಿ ಸೋತು ಬಂದಿದ್ದರು. ಹಿಂದಿನ ಲೈಟಿನ ಅರ್ಥಿಂಗ್ ಹೋಗಿತ್ತು. ಬ್ರೇಕ್ ಲೈಟಿನ ಕರೆಂಟು ವಾಪಸ್ ಹೋಗಲು ಪಕ್ಕದ ಬಲ್ಬುಗಳನ್ನೇ ದಾರಿ ಮಾಡಿಕೊಂಡಿತ್ತು. ಅರ್ಧ ಗಂಟೆಯ ಕೆಲಸ.

ಡೈನಮೋ ನಿಜಕ್ಕೂ ತಪ್ಪು ಮಾಡಿದ್ದು ಒಂದು ಡೀಸೆಲ್ ಜೀಪಿನಲ್ಲಿ. ಅಲ್ಲಿ ಲೈಟು ಗುಂಡಿಗೆ ಮಿಣುಕುತ್ತಿರಲಿಲ್ಲ, ಐಡ್ಲಿಂಗ್‌ನಲ್ಲಿ ಸಣ್ಣಗೆ ನಡುಗುತ್ತಿತ್ತು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಇಟ್ಟೆ. ಚೆನ್ನಾಗಿರುವ ಡೈನಮೋದಲ್ಲಿ ನನಗೆ ಸಿಗುವುದು 0.1ರ ಒಳಗೆ. ಅಲ್ಲಿ 0.9ರ ಹತ್ತಿರ ಬಂತು. ಡೈನಮೋ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್ ಹೋಗಿತ್ತು. ಎರಡು ನಿಮಿಷದ ಈ ಅಳತೆ ಮಾಡಿದ ಮೇಲೆಯೇ ಡೈನಮೋಗೆ ಸ್ಪಾನರ್ ಹಾಕಿ.

ಈಗ ನನ್ನ ಸ್ವಂತ ಓಮ್ನಿಯಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ಎಡಗಡೆಯ ಲೈಟಿನ ಲಗ್ಗುಗಳಿಗೆ ಬರೀ ಕ್ರಿಂಪ್ (ಇಕ್ಕಳದಲ್ಲಿ ಒತ್ತಿ ವೈರಿಗೆ ಹಿಡಿಸುವುದು), ಬಲಗಡೆಗೆ ಕ್ರಿಂಪ್ ಮಾಡಿ ಮೇಲೆ ಸೋಲ್ಡರ್ (ಬೆಸುಗೆ). ಸೋಲ್ಡರ್ ಮಾಡಿದರೆ ವೈರ್ ಕತ್ತಿನಲ್ಲಿ ಗಟ್ಟಿಯಾಗಿ ಅಲುಗಾಟಕ್ಕೆ ಮುರಿಯುತ್ತದೆ ಅಂತ ಒಂದು ವಾದ. ಬರೀ ಕ್ರಿಂಪಿಗೆ ನೀರು ಇಳಿದು ಕಿಲುಬು ಹಿಡಿಯುತ್ತದೆ ಅಂತ ಇನ್ನೊಂದು. ಒಂದು ಮಳೆಗಾಲ ಕಳೆದಿದೆ. ಎಡಗಡೆ 0.06, ಬಲಗಡೆ 0.04 ವೋಲ್ಟ್ ಡ್ರಾಪ್ ಇದೆ. ಇಷ್ಟರಲ್ಲಿ ತೀರ್ಪು ಕೊಡಲಾಗದು. ಇನ್ನೂ ಎರಡು ಮಳೆಗಾಲ ಬಿಟ್ಟು ಅದೇ ಮೀಟರಿನಲ್ಲಿ ಅಳೆಯುತ್ತೇನೆ.