ಭಾರತ ಮಹಿಳಾ ಫುಟ್‌ಬಾಲ್ ತಂಡದ ಪಂದ್ಯ ದಾಖಲೆ ಕಟ್ಟಿದ ಬಗೆ

ಭಾರತದ ಮಹಿಳಾ ಫುಟ್‌ಬಾಲ್ ತಂಡ ಈವರೆಗೆ ಎಷ್ಟು ಅಂತರರಾಷ್ಟ್ರೀಯ ಪಂದ್ಯ ಆಡಿದೆ, ಎಷ್ಟು ಗೆದ್ದಿದೆ ಎಂದು ಹುಡುಕಿದರೆ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತದೆ. ಯಾವುದನ್ನು ಪಂದ್ಯವೆಂದು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲೇ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಆ ತೀರ್ಮಾನವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಹಾಗಾಗಿ ನಾನು ಈ ದಾಖಲೆ ಮಾಡುವಾಗ ಮೊತ್ತದ ಗೊಡವೆಯನ್ನು ಕೊನೆಗೆ ಬಿಟ್ಟೆ. ಒಂದು ಪಂದ್ಯಕ್ಕೆ ಒಂದು ಸಾಲು, ಆ ಸಾಲಿನಲ್ಲೇ ಅದು ಯಾವ ಬಗೆಯ ಪಂದ್ಯ ಎಂಬ ಗುರುತು. ಕೆಳಗಿರುವುದು ಆ ಕೆಲಸದ ವಿವರ. ಬೇರೆ ಯಾವುದೇ ತಂಡದ ದಾಖಲೆ ಮಾಡಹೊರಟವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಮೂರು ಹಾಳೆ ಸಾಕು: ಪಂದ್ಯ, ಗೋಲು, ಆಟಗಾರ್ತಿ. ಪಂದ್ಯದ ಹಾಳೆಯಲ್ಲಿ ಕ್ರಮಸಂಖ್ಯೆ, ದಿನಾಂಕ, ಊರು, ಮೈದಾನ, ತವರು ಅಥವಾ ಪರಸ್ಥಳ ಅಥವಾ ತಟಸ್ಥ, ಟೂರ್ನಿ, ಹಂತ, ಎದುರಾಳಿ, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಹೆಚ್ಚುವರಿ ಸಮಯ ಇತ್ತೇ, ಶೂಟೌಟ್ ಅಂಕ, ಕೋಚ್, ನಾಯಕಿ, ಎರಡು ಆಧಾರ, ಪಂದ್ಯದ ಬಗೆ, ಟಿಪ್ಪಣಿ. ಗೋಲಿನ ಹಾಳೆಯಲ್ಲಿ ಒಂದು ಗೋಲಿಗೆ ಒಂದು ಸಾಲು: ಪಂದ್ಯದ ಸಂಖ್ಯೆ, ಹೊಡೆದವಳ ಸಂಖ್ಯೆ, ನಿಮಿಷ, ಪೆನಾಲ್ಟಿಯೋ ಸ್ವಂತ ಗೋಲೋ ಎಂಬ ಗುರುತು. ಹೊಡೆದವರ ಹೆಸರನ್ನೆಲ್ಲ ಒಂದೇ ಚೌಕದಲ್ಲಿ ಅಲ್ಪವಿರಾಮ ಹಾಕಿ ತುಂಬಿದರೆ ಓದಲು ಚೆನ್ನಾಗಿರುತ್ತದೆ, ಎಣಿಸಲು ಬರುವುದಿಲ್ಲ.

ಅಂಕಗಳನ್ನು ಕಡ್ಡಾಯವಾಗಿ ಎರಡು ಬೇರೆ ಚೌಕಗಳಲ್ಲಿ ಹಾಕಬೇಕು. '3-1' ಎಂದು ಒಂದೇ ಚೌಕದಲ್ಲಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ತಾರೀಖಿನಲ್ಲೂ ಇಂಥದೇ ತೊಡಕು ಇದೆ. ಸಿಲಿಗುರಿಯ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್) ಫೈನಲ್ ನಡೆದದ್ದು 2017ರ ಜನವರಿ 4ರಂದು. ಅದನ್ನು 04/01/2017 ಎಂದು ಬರೆದರೆ, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ ಏಪ್ರಿಲ್ 1 ಎಂದು ಓದುತ್ತದೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಕಾಟವಿಲ್ಲ, ವಿಂಗಡಣೆಯೂ ಸರಿಯಾಗುತ್ತದೆ.

ಇನ್ನು ಯಾವ ತಾರೀಖು ಹಾಕಬೇಕು? ಪಂದ್ಯ ನಡೆದ ಊರಿನ ತಾರೀಖು. 2021ರಲ್ಲಿ ಬ್ರೆಜಿಲ್‌ನ ಮನಾಸ್‌ನಲ್ಲಿ ನಡೆದ ಪಂದ್ಯ ಅಲ್ಲಿ ನವೆಂಬರ್ 25ರ ರಾತ್ರಿ, ನಮ್ಮಲ್ಲಿ 26ರ ಬೆಳಗಿನ ಆರೂವರೆ. ಬ್ರೆಜಿಲ್ 6-1ರಿಂದ ಗೆದ್ದ, ಮನೀಷಾ ಕಲ್ಯಾಣ್ ಗೋಲು ಹೊಡೆದ ಆ ಪಂದ್ಯ ಭಾರತದ ವರದಿಗಳಲ್ಲಿ 26ಕ್ಕೂ ಬ್ರೆಜಿಲ್‌ನವುಗಳಲ್ಲಿ 25ಕ್ಕೂ ಸಿಗುತ್ತದೆ. ಇದನ್ನು ಗಮನಿಸದೆ ಎರಡು ಕಡೆಯಿಂದ ಮಾಹಿತಿ ತುಂಬಿದರೆ ಒಂದೇ ಸೋಲು ಎರಡು ಸಾಲಾಗಿ ಕೂರುತ್ತದೆ. ಟೂರ್ನಿಯ ಹೆಸರಿನಲ್ಲಿರುವ ವರ್ಷವನ್ನಂತೂ ಎಂದಿಗೂ ನಂಬಬಾರದು. 1979ರ ಏಷ್ಯನ್ ಚಾಂಪಿಯನ್‌ಷಿಪ್ ಎನ್ನುವುದು ಕಲ್ಲಿಕೋಟೆಯಲ್ಲಿ ನಡೆದದ್ದು 1980ರ ಜನವರಿಯಲ್ಲಿ. 2020ರ ಒಲಿಂಪಿಕ್ಸ್ ಅರ್ಹತಾ ಸುತ್ತನ್ನು ಭಾರತ ಆಡಲು ಶುರುಮಾಡಿದ್ದು 2018ರ ನವೆಂಬರ್‌ನಲ್ಲಿ, ಮ್ಯಾನ್ಮಾರ್‌ನಲ್ಲಿ. 2022ರ ಏಷ್ಯನ್ ಗೇಮ್ಸ್ ನಡೆದದ್ದು 2023ರಲ್ಲಿ.

ಎಲ್ಲಕ್ಕಿಂತ ಮುಖ್ಯವಾದದ್ದು 'ಪಂದ್ಯದ ಬಗೆ' ಎಂಬ ಕಾಲಂ. ಅದರಲ್ಲಿ ನಾನು ನಾಲ್ಕು ಅಕ್ಷರ ಬಳಸುತ್ತೇನೆ. ಎರಡೂ ಕಡೆ ಪೂರ್ಣ ರಾಷ್ಟ್ರೀಯ ತಂಡ ಆಡಿದ, ಫಿಫಾ ಮಾನ್ಯತೆಯ ಪಂದ್ಯಕ್ಕೆ 'ಪೂ'. ಹಳೆಯ ಆಡಳಿತದ ಕಾಲದ ಪಂದ್ಯಕ್ಕೆ 'ಹ'. ನಡೆದರೂ ಟೂರ್ನಿಯ ಲೆಕ್ಕದಿಂದ ತೆಗೆದುಹಾಕಿದ್ದಕ್ಕೆ 'ರ'. ಕ್ಲಬ್, ಕಿರಿಯರ ತಂಡ, ರಾಜ್ಯ ತಂಡದ ವಿರುದ್ಧದ್ದಕ್ಕೆ 'ಬ'. ಮೊತ್ತ ಬೇಕಾದಾಗ, ಷರತ್ತಿಗೆ ಹೊಂದುವ ಸಾಲುಗಳನ್ನು ಎಣಿಸುವ ಎಕ್ಸೆಲ್‌ನ ಕೌಂಟ್‌ಇಫ್ಸ್ ಸೂತ್ರಕ್ಕೆ ಯಾವ ಅಕ್ಷರ ಕೊಡುತ್ತೇವೋ ಆ ಮೊತ್ತ ಬರುತ್ತದೆ. ಓದುಗರು ನನ್ನ ತೀರ್ಮಾನ ಒಪ್ಪದಿದ್ದರೆ ಅಕ್ಷರ ಬದಲಿಸಿ ತಮ್ಮ ಮೊತ್ತ ತೆಗೆಯಬಹುದು.

ಈ ನಾಲ್ಕರಲ್ಲಿ ಹೆಚ್ಚು ಶ್ರಮ ಬೇಡುವುದು 'ಹ'. ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೈಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು, 1975ರಿಂದ, ಅದನ್ನು ನಡೆಸುತ್ತಿದ್ದದ್ದು ವಿಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ. ಏಷ್ಯಾ ಮಟ್ಟದಲ್ಲೂ ಹಾಗೆಯೇ. ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಎಂಬ ಬೇರೆಯೇ ಸಂಸ್ಥೆ ಚಾಂಪಿಯನ್‌ಷಿಪ್ ನಡೆಸುತ್ತಿತ್ತು, ಅದು ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿಯಲ್ಲಿ ವಿಲೀನವಾದದ್ದು 1986ರಲ್ಲಿ. ಅಂದರೆ ಆ ಕಾಲದ ಸ್ಕೋರ್‌ಶೀಟುಗಳು ಇಂದಿನ ಯಾವ ದೊಡ್ಡ ಸಂಸ್ಥೆಯ ಕಡತದಲ್ಲೂ ಹುಟ್ಟಿದವಲ್ಲ. ಆದರೆ ಭಾರತ ತಂಡ ಏಷ್ಯಾದಲ್ಲಿ ಅತಿ ಎತ್ತರಕ್ಕೆ ಏರಿದ್ದು ಆ ವರ್ಷಗಳಲ್ಲೇ: ಕಲ್ಲಿಕೋಟೆಯಲ್ಲಿ ರನ್ನರ್ ಅಪ್, 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ರನ್ನರ್ ಅಪ್. ಇವನ್ನು ಕೈಬಿಟ್ಟು ತಯಾರಿಸಿದ ಪಟ್ಟಿ ತಂಡದ ಅತ್ಯುತ್ತಮ ಸಾಧನೆಯನ್ನೇ ಕೈಬಿಟ್ಟಂತೆ. 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಶಾಂತಿ ಮಲ್ಲಿಕ್, ಕರ್ನಾಟಕದಿಂದ ಹೋಗಿ ದೇಶಕ್ಕೆ ಆಡಿದ ಚಿತ್ರಾ ಗಂಗಾಧರನ್ ಅಂಥವರ ಆಟ ಎಣಿಕೆಗೇ ಬಾರದಿರುವುದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಅದಕ್ಕೆ ಅವು 'ಹ' ಗುರುತಿನೊಂದಿಗೆ ಮುಖ್ಯ ಹಾಳೆಯಲ್ಲೇ ಇವೆ, ಅನುಬಂಧದಲ್ಲಲ್ಲ.

ಕಲ್ಲಿಕೋಟೆಯ ಟೂರ್ನಿಯಲ್ಲಿ ಇನ್ನೂ ಒಂದು ಗಂಟಿದೆ. ಆತಿಥೇಯ ಭಾರತ ಅಲ್ಲಿ ಎರಡು ತಂಡ ಇಳಿಸಿತ್ತು, ಇಂಡಿಯಾ ಎಸ್ ಮತ್ತು ಇಂಡಿಯಾ ಎನ್. ಆಸ್ಟ್ರೇಲಿಯಾದಿಂದ ಬಂದದ್ದು ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯದ ತಂಡ. ಎರಡೂ ತಂಡಗಳ ಪಂದ್ಯಗಳನ್ನು ಕೂಡಿಸಿದರೆ ಭಾರತ ಒಂದೇ ಟೂರ್ನಿಯನ್ನು ಎರಡು ಸಲ ಆಡಿದಂತಾಗುತ್ತದೆ. ನನ್ನ ಕ್ರಮ ಇದು: ಫೈನಲ್ ತನಕ ಹೋದ ತಂಡವೇ ಭಾರತ, ಇನ್ನೊಂದರ ಪಂದ್ಯಗಳಿಗೆ 'ಬ'. ವೆಸ್ಟರ್ನ್ ಆಸ್ಟ್ರೇಲಿಯಾ ಎದುರಾಳಿಯಾದರೂ 'ಬ'. ಫೈನಲ್‌ನಲ್ಲಿ 2-0 ಗೆದ್ದ ತಂಡವನ್ನು ಆಗಿನ ಪತ್ರಿಕೆಗಳು ತೈವಾನ್ ಎಂದೂ ರಿಪಬ್ಲಿಕ್ ಆಫ್ ಚೈನಾ ಎಂದೂ ಬರೆಯುತ್ತವೆ, ಈಗ ಅದು ಚೈನೀಸ್ ತೈಪೆ. ಎದುರಾಳಿಗೆ ಎರಡು ಕಾಲಂ ಇಡಿ, ಅಂದಿನ ಹೆಸರು ಮತ್ತು ಇಂದಿನ ಹೆಸರು. ಎಣಿಕೆ ಇಂದಿನ ಹೆಸರಿನ ಮೇಲೆ ನಡೆಯಲಿ. ಇಲ್ಲದಿದ್ದರೆ 'ಚೈನಾ' ಎಂಬ ಪದ ಕಂಡಲ್ಲೆಲ್ಲ ಎರಡು ಬೇರೆ ತಂಡಗಳ ಲೆಕ್ಕ ಬೆರೆತುಹೋಗುತ್ತದೆ.

ಆ ಕಾಲಕ್ಕೆ ಆಧಾರ ಹುಡುಕುವಾಗ ಎದುರಾಳಿಗಳ ಊರಿನ ಪತ್ರಿಕೆಗಳೇ ಹೆಚ್ಚು ನೆರವಾಗುತ್ತವೆ. ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯದ ನ್ಯೂಸ್‌ಪೇಪರ್ ಎಸ್‌ಜಿ ಜಾಲತಾಣ, ಹಾಂಗ್‌ಕಾಂಗ್ ಸಾರ್ವಜನಿಕ ಗ್ರಂಥಾಲಯಗಳ ಹಳೆ ಪತ್ರಿಕೆಗಳ ಸಂಗ್ರಹ ಎರಡರಲ್ಲೂ ಪುಟಗಳ ಚಿತ್ರ ಸಿಗುತ್ತದೆ. ಟೂರ್ನಿಯ ಚೌಕಟ್ಟಿಗೆ ಫುಟ್‌ಬಾಲ್ ಅಂಕಿಅಂಶಗಳ ಆರ್‌ಎಸ್‌ಎಸ್‌ಎಸ್‌ಎಫ್ ಜಾಲತಾಣ ಒಳ್ಳೆಯ ಆರಂಭ. ನಮ್ಮ ಪತ್ರಿಕೆಗಳಲ್ಲಿ ನೋಡುವಾಗ ಯಾವ ಆವೃತ್ತಿ ಎಂಬುದನ್ನು ಗಮನಿಸಬೇಕು. ದೂರದ ಊರುಗಳಿಗೆ ಹೋಗುವ ಡಾಕ್ ಎಡಿಷನ್ ಬೇಗ ಅಚ್ಚಿಗೆ ಹೋಗುವುದರಿಂದ ಸಂಜೆಯ ಪಂದ್ಯದ ಮಧ್ಯಂತರದ ಅಂಕವನ್ನೇ ಕೊಟ್ಟು ಮುಗಿಸಿರಬಹುದು. ಮರುದಿನದ ಸಂಚಿಕೆಯನ್ನೂ ನೋಡದೆ ಆ ಅಂಕ ಬರೆದುಕೊಳ್ಳಬೇಡಿ. ಇನ್ನೊಂದು: ಪಿಟಿಐ ಕೊಟ್ಟ ಒಂದೇ ವರದಿ ಎರಡು ಪತ್ರಿಕೆಗಳಲ್ಲಿ ಬಂದರೆ ಅದು ಎರಡು ಆಧಾರ ಅಲ್ಲ, ಒಂದೇ. ಎದುರಾಳಿ ದೇಶದ ಪತ್ರಿಕೆ ಅಥವಾ ಟೂರ್ನಿಯ ಅಧಿಕೃತ ಫಲಿತಾಂಶಪಟ್ಟಿ ಸಿಕ್ಕರೆ ಮಾತ್ರ ಎರಡನೆಯ ಆಧಾರದ ಚೌಕ ತುಂಬುತ್ತೇನೆ.

'ರ' ಗುರುತು ಪಡೆದ ಪಂದ್ಯ ಒಂದೇ, ಆದರೆ ಅತಿ ಹೆಚ್ಚು ವಾದ ಹುಟ್ಟಿಸುವುದೂ ಅದೇ. 2022ರ ಏಷ್ಯನ್ ಕಪ್ ಭಾರತದಲ್ಲೇ ನಡೆಯಿತು. ಜನವರಿ 20ರಂದು ನವಿ ಮುಂಬೈನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಇರಾನ್ ಎದುರು 0-0 ಡ್ರಾ ಆಯಿತು. 23ರಂದು ಚೈನೀಸ್ ತೈಪೆ ಎದುರಿನ ಪಂದ್ಯಕ್ಕೆ, ಕೋವಿಡ್ ಹರಡಿದ್ದರಿಂದ, ಕನಿಷ್ಠ 13 ಆಟಗಾರ್ತಿಯರನ್ನು ಒದಗಿಸಲು ಆಗಲಿಲ್ಲ. ನಿಯಮದಂತೆ ಭಾರತ ಹಿಂದೆ ಸರಿದಿದೆ ಎಂದು ಪರಿಗಣಿಸಿ ಎಎಫ್‌ಸಿ ಅದರ ಎಲ್ಲ ಪಂದ್ಯಗಳನ್ನೂ ಅಸಿಂಧುಗೊಳಿಸಿತು. ತೈಪೆ ಎದುರಿನದು ನಡೆಯಲೇ ಇಲ್ಲ, ಅದಕ್ಕೆ ಸಾಲು ಬೇಡ, ಟಿಪ್ಪಣಿ ಸಾಕು. ಇರಾನ್ ಎದುರಿನದು? ಟೂರ್ನಿಯ ಅಂಕಪಟ್ಟಿಯಿಂದ ಅದು ಹೋಯಿತು, ಆದರೆ ತೊಂಬತ್ತು ನಿಮಿಷ ಆ ಹುಡುಗಿಯರು ಆಡಿದ್ದು ನಿಜ. ಆದ್ದರಿಂದ ಸಾಲು ಉಳಿಸಿ 'ರ' ಹಾಕಿದ್ದೇನೆ. ಆಟಗಾರ್ತಿಯರ ಪಂದ್ಯಸಂಖ್ಯೆಯನ್ನು ಅದನ್ನು ಸೇರಿಸಿ ಒಂದು, ಬಿಟ್ಟು ಒಂದು ಎಂದು ಎರಡಾಗಿ ತೋರಿಸುತ್ತೇನೆ.

ಶೂಟೌಟ್ ವಿಷಯದಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನ ಸ್ಯಾಫ್ ಸೆಮಿಫೈನಲ್‌ನಲ್ಲಿ ನೇಪಾಳದೊಂದಿಗೆ 1-1, ಶೂಟೌಟ್‌ನಲ್ಲಿ 2-4. ಟೂರ್ನಿಯಿಂದ ಭಾರತ ಹೊರಬಿತ್ತು, ದಾಖಲೆಯಲ್ಲಿ ಮಾತ್ರ ಅದು ಡ್ರಾ. ಶೂಟೌಟ್‌ನ ಒದೆಗಳು ಯಾರ ಗೋಲಿನ ಲೆಕ್ಕಕ್ಕೂ ಸೇರುವುದಿಲ್ಲ.

ಸ್ಪೇನ್‌ನ ಕೋಟಿಫ್ ಕಪ್‌ನಂಥ ಆಹ್ವಾನಿತ ಟೂರ್ನಿಗಳಲ್ಲಿ ರಾಷ್ಟ್ರೀಯ ತಂಡಗಳ ನಡುವೆ ಕ್ಲಬ್‌ಗಳೂ ಕಿರಿಯರ ತಂಡಗಳೂ ಇರುತ್ತವೆ. ಟೂರ್ನಿಯ ಹೆಸರು ನೋಡಿ ಎಲ್ಲಕ್ಕೂ ಒಂದೇ ಅಕ್ಷರ ಹಾಕದೆ ಪಂದ್ಯದಿಂದ ಪಂದ್ಯಕ್ಕೆ ತೀರ್ಮಾನಿಸಬೇಕು. ಸೌಹಾರ್ದ ಪಂದ್ಯವಾದರೆ ಬದಲಿ ಆಟಗಾರ್ತಿಯರನ್ನು ಎಣಿಸಿ. ನಿಯಮದ ಮಿತಿ ಮೀರಿ ಬದಲಾವಣೆ ಮಾಡಿಕೊಂಡ ಪಂದ್ಯ ಅಭ್ಯಾಸ ಪಂದ್ಯವೇ ಹೊರತು 'ಪೂ' ಆಗುವುದಿಲ್ಲ.

ಹೆಸರುಗಳ ಕೆಲಸ ತಾಳ್ಮೆ ಬೇಡುತ್ತದೆ. ತಂಡದ ಬೆನ್ನೆಲುಬು ಮಣಿಪುರ. ಅಲ್ಲಿ ಮನೆತನದ ಹೆಸರು ಮೊದಲು, ಕೊನೆಯಲ್ಲಿ ಬರುವ 'ದೇವಿ' ಬಹಳಷ್ಟು ಮಂದಿಗೆ ಸಾಮಾನ್ಯ. ಒಯಿನಾಮ್ ಬೆಂಬೆಂ ದೇವಿ, ನ್ಗಾಂಗೊಮ್ ಬಾಲಾ ದೇವಿ, ಲೊಯಿತೊಂಗ್ಬಾಮ್ ಆಶಾಲತಾ ದೇವಿ, ಯುಮ್ನಾಮ್ ಕಮಲಾ ದೇವಿ. ಕೊನೆಯ ಪದವನ್ನೇ ಉಪನಾಮ ಎಂದು ತಿಳಿಯುವ ವಿದೇಶಿ ಸ್ಕೋರ್‌ಪಟ್ಟಿಯಲ್ಲಿ 'ದೇವಿ 23, ದೇವಿ 61' ಎಂದಿದ್ದರೆ ಅದು ಒಬ್ಬಳೋ ಇಬ್ಬರೋ ತಿಳಿಯುವುದಿಲ್ಲ. 'ಬಾಲಾ' ಎಂದಷ್ಟೇ ಇದ್ದರೂ ಬಾಲಾ ದೇವಿಯೋ ರತನ್‌ಬಾಲಾ ದೇವಿಯೋ ನೋಡಬೇಕು. ದಂಗ್ಮೆಯ್ ಗ್ರೇಸ್ ಒಮ್ಮೊಮ್ಮೆ ಗ್ರೇಸ್ ದಂಗ್ಮೆಯ್ ಆಗುತ್ತಾರೆ. ತಮಿಳುನಾಡಿನ ಇಂದುಮತಿ, ಸಂಧ್ಯಾ ಅವರ ಹೆಸರಿನ ಮುಂದಿನ ಕದಿರೇಶನ್, ರಂಗನಾಥನ್ ತಂದೆಯ ಹೆಸರುಗಳು. ಪರಿಹಾರ ಒಂದೇ. ಆಟಗಾರ್ತಿಯ ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಅದರ ಎದುರು ಪತ್ರಿಕೆಗಳಲ್ಲಿ ಕಂಡ ಎಲ್ಲ ಕಾಗುಣಿತ. ಗೋಲಿನ ಹಾಳೆಯಲ್ಲಿ ಸಂಖ್ಯೆ ಮಾತ್ರ. ಯಾರೆಂದು ಖಚಿತವಾಗದ ಗೋಲಿಗೆ ಊಹಿಸಿ ಹೆಸರು ಕೊಡದೆ 'ಅಜ್ಞಾತ' ಎಂಬ ಸಂಖ್ಯೆ ಇಟ್ಟಿದ್ದೇನೆ.

ಬಾಲಾ ದೇವಿ 2024ರ ಸ್ಯಾಫ್‌ನಲ್ಲಿ ಪಾಕಿಸ್ತಾನದ ವಿರುದ್ಧ 50ನೇ ಗೋಲು ಹೊಡೆದರು ಎನ್ನುವಾಗಲೂ, ಆಶಾಲತಾ ಅದೇ ಟೂರ್ನಿಯಲ್ಲಿ 100ನೇ ಪಂದ್ಯ ತಲುಪಿದರು ಎನ್ನುವಾಗಲೂ ಅದು 'ಪೂ' ಲೆಕ್ಕದ ಮಾತು ಎಂದು ಪಕ್ಕದಲ್ಲಿ ಬರೆಯುತ್ತೇನೆ. ಅವರ ಸಾಧನೆ ಇದರಿಂದ ಕಡಿಮೆಯಾಗದು.

ಸಾಲು ತುಂಬಿದ ಮೇಲೆ ತಾಳೆ ನೋಡುವುದು. ಗೋಲಿನ ಹಾಳೆಯಲ್ಲಿ ಆ ಪಂದ್ಯದ ಸಾಲುಗಳು ಪಂದ್ಯದ ಹಾಳೆಯ ಅಂಕಕ್ಕೆ ಸಮನಾಗಬೇಕು. 2025ರ ಜೂನ್ 23ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಮಂಗೋಲಿಯಾ ವಿರುದ್ಧ 13-0: ಪ್ಯಾರಿ ಕ್ಸಾಕ್ಸಾ 5, ಸೌಮ್ಯಾ ಗುಗುಲೋತ್ 2, ಪ್ರಿಯಾಂಗ್ಕಾ ದೇವಿ 2, ಸಂಗೀತಾ ಬಾಸ್‌ಫೋರ್, ರಿಂಪಾ ಹಲ್ದಾರ್, ಮಾಳವಿಕಾ, ಗ್ರೇಸ್ ತಲಾ 1. ಕೂಡಿದರೆ 13, ಸರಿ. ಆಮೇಲೆ ಟೂರ್ನಿ ಮಟ್ಟದ ತಾಳೆ: ಟಿಮೋರ್ ಲೆಸ್ಟೆ 4-0, ಇರಾಕ್ 5-0, ಥಾಯ್ಲೆಂಡ್ 2-1. ಒಟ್ಟು 24 ಹೊಡೆದು 1 ಬಿಟ್ಟುಕೊಟ್ಟದ್ದು, ಅಂಕಪಟ್ಟಿಯಲ್ಲಿ 12 ಅಂಕ. ಕೊನೆಗೆ ಎದುರಾಳಿಯ ಕಡೆಯಿಂದ ತಾಳೆ: ನೇಪಾಳ, ಬಾಂಗ್ಲಾದೇಶ ತಂಡಗಳ ಪಂದ್ಯಪಟ್ಟಿಯಲ್ಲಿ ಭಾರತದ ಹೆಸರಿರುವ ಸಾಲುಗಳು ನಮ್ಮ ಸಾಲುಗಳಿಗೆ ಹೊಂದಬೇಕು. ಹೊಂದದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ತಾರೀಖು ಅಥವಾ ಶೂಟೌಟ್.

ಇಷ್ಟಾದ ಮೇಲೆ ಮೊತ್ತ ತೆಗೆಯಬಹುದು. ಆದರೆ ಅದನ್ನು ಓದುವಾಗ ಗೋಲುಸರಾಸರಿಗೆ ಮರುಳಾಗಬೇಡಿ. ಅತಿ ದೊಡ್ಡ ಗೆಲುವು 2010ರ ಡಿಸೆಂಬರ್‌ನಲ್ಲಿ ಕಾಕ್ಸ್ ಬಜಾರ್‌ನಲ್ಲಿ ಭೂತಾನ್ ವಿರುದ್ಧ 18-0. ಅತಿ ದೊಡ್ಡ ಸೋಲು 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ಎದುರು 0-16. ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ 2024ರ ಡಿಸೆಂಬರ್ 30ಕ್ಕೆ ಮಾಲ್ಡೀವ್ಸ್ ಮೇಲೆ 14-0, ಮೂರೇ ದಿನದಲ್ಲಿ 11-1. ಅದೇ ಮೈದಾನದಲ್ಲಿ ಐದು ತಿಂಗಳ ನಂತರ ಉಜ್ಬೇಕಿಸ್ತಾನ ಎದುರು ಎರಡೂ ಸಲ 0-1. ಒಂದೇ ಅಂಗಳದ ಈ ನಾಲ್ಕು ಸಾಲು ಕೂಡಿಸಿದರೆ 25-3, ನೋಡಲು ಭರ್ಜರಿ, ಹೇಳುವುದು ಏನೂ ಇಲ್ಲ. ಎದುರಾಳಿಗಳನ್ನು ದಕ್ಷಿಣ ಏಷ್ಯಾ, ಉಳಿದ ಏಷ್ಯಾ, ಹೊರಗಿನವರು ಎಂದು ವಿಂಗಡಿಸಿದಾಗಲೇ ಚಿತ್ರ ಬಿಡಿಸುತ್ತದೆ. 2010ರಿಂದ 2019ರವರೆಗೆ ಐದು ಸ್ಯಾಫ್ ಪ್ರಶಸ್ತಿ, ಒಂದೂ ಸೋಲಿಲ್ಲ. 2022ರಲ್ಲಿ ಬಾಂಗ್ಲಾದೇಶ 3-0ರಿಂದ ಆ ಸರಣಿ ಮುರಿಯಿತು. ಅದೇ ಹೊತ್ತಿಗೆ ಹೊರಗಡೆ ಬೇರೆ ಬಗೆಯ ಬೆಳವಣಿಗೆ: 2024ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಎಸ್ಟೋನಿಯಾ ಮೇಲೆ 4-3, 2025ರ ಜುಲೈ 5ರಂದು ಥಾಯ್ಲೆಂಡ್‌ನಲ್ಲೇ ಥಾಯ್ಲೆಂಡ್ ಮೇಲೆ 2-1. ಸಂಗೀತಾ ಬಾಸ್‌ಫೋರ್ ಅವರ ಎರಡು ಗೋಲುಗಳ ಆ ಗೆಲುವು ಭಾರತವನ್ನು ಮೊದಲ ಬಾರಿಗೆ ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಒಯ್ದಿತು. ತೂಕದಲ್ಲಿ ಮಂಗೋಲಿಯಾದ 13 ಗೋಲಿಗಿಂತ ಈ 2-1 ದೊಡ್ಡದು.

ಖಾಲಿ ವರ್ಷಗಳನ್ನೂ ತೋರಿಸಿ. 18 ತಿಂಗಳಿಗೂ ಹೆಚ್ಚು ಕಾಲ ಆಟವೇ ಇಲ್ಲದೆ 2009ರಲ್ಲಿ ಭಾರತ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಬಿದ್ದುಹೋಯಿತು. ಸೋಲು ಗೆಲುವುಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ವರ್ಷವಾರು ಪಂದ್ಯಸಂಖ್ಯೆಯ ಪಟ್ಟಿಯಲ್ಲಿ ಮಾತ್ರ ಎದ್ದು ಕಾಣುತ್ತದೆ.

'ಹ' ಸಾಲುಗಳಲ್ಲಿ ಗೋಲು ಹೊಡೆದವರ, ಹನ್ನೊಂದರ ಬಳಗದ ಚೌಕಗಳು ಇನ್ನೂ ಬಹಳಷ್ಟು ಖಾಲಿ ಇವೆ. 1970, 80ರ ದಶಕದಲ್ಲಿ ರಾಜ್ಯಕ್ಕೋ ದೇಶಕ್ಕೋ ಆಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಅವರ ಬಳಿಯ ತುಣುಕುಗಳ ಚಿತ್ರ ತೆಗೆದಿಡಿ. ಪತ್ರಿಕೆಯ ತುಣುಕಾದರೆ ಎರಡೂ ಬದಿ ತೆಗೆಯಿರಿ, ಹಿಂಬದಿಯ ಜಾಹೀರಾತಿನಿಂದಲೂ ತಾರೀಖು ಸಿಗುವುದುಂಟು. ತಂಡದ ಫೋಟೊ ಆದರೆ ನಿಂತವರು, ಕುಳಿತವರು ಎಂದು ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ಟೂರ್ನಿಯ ಸ್ಮರಣ ಸಂಚಿಕೆ, ಪಾಸ್‌ಪೋರ್ಟಿನ ಮುದ್ರೆ, ಭಾಗವಹಿಸಿದ ಪ್ರಮಾಣಪತ್ರ ಯಾವುದಾದರೂ ಆದೀತು. ಚಿತ್ರ ನೇರ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕಾಗದದ ನಾಲ್ಕೂ ಅಂಚು ಕಾಣುವಂತೆ ಇರಲಿ.